ಮಕ್ಕಳ ನಿದ್ದೆಯ ಮದ್ದು

ಅಂಕೋಲೆಯ ನಮ್ಮ ಹಿರಿಯ ಮನೆಯಲ್ಲಿ ಜಾಯಿಕಾಯಿ ತೇಯುವ ಕಲ್ಲೊಂದಿದ್ದಿತು. ಕೂಸು ರಾತ್ರಿಯೆಲ್ಲ ಅತ್ತರೆ ಅಜ್ಜಿ ಎರಡೇ ಸುತ್ತು ತೇದು, ಹಾಲಿನಲ್ಲಿ ಕದಡಿ ನೆಕ್ಕಿಸುವಳು. ಸೊಸೆಯಂದಿರು ಮೂರನೆಯ ಸುತ್ತಿಗೆ ಕೈಹಾಕಿದರೆ ಗದರುವಳು. ಹೆಚ್ಚಾದರೆ ಜಾಯಿಕಾಯಿಯೂ ವಿಷವೆಂಬುದನ್ನು ಅವಳು ಬಲ್ಲಳು. ಆ ಮದ್ದನ್ನು ನಾನು ಇಂದು ಯಾರಿಗೂ ಹೇಳಲಾರೆ. ಅವಳ ಎಚ್ಚರವನ್ನು ಮಾತ್ರ ಹೇಳಬಲ್ಲೆ.

ಮೊನ್ನೆ ಕಾರವಾರದಲ್ಲಿ ಮಿತ್ರರೊಬ್ಬರು, ಪಿಯುಸಿ ಓದುವ ನನ್ನ ಮಗಳಿಗೆ ನಿದ್ದೆ ಬಾರದೆಂದು ಕೇಳಿ, ಅಮೆರಿಕದಿಂದ ತರಿಸಿದ ಮೆಲಟೋನಿನ್ ಮಿಠಾಯಿಗಳ ಡಬ್ಬಿಯೊಂದನ್ನು ಕೊಟ್ಟರು. "ಔಷಧವೇ ಅಲ್ಲ, ನಿರಪಾಯ" ಎಂದರು.

ಈ ಮಾತು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಅಳುವ ಕೂಸುಗಳಿಗೆ 'ಗಾಡ್‌ಫ್ರೀಸ್ ಕಾರ್ಡಿಯಲ್' ಎಂಬ ಸಿಹಿ ಪಾನಕ ಕುಡಿಸುತ್ತಿದ್ದರು; ಅದರಲ್ಲಿದ್ದುದು ಅಫೀಮು. 1862ರಲ್ಲಿ ನಮ್ಮ ಜಿಲ್ಲೆ ಸೇರಿದ ಮುಂಬಯಿ ಪ್ರಾಂತದಲ್ಲಿಯೂ 'ಬಾಳಗೋಳಿ' ಎಂಬ ಅಫೀಮಿನ ಗುಳಿಗೆ ಮಾರಾಟಕ್ಕಿದ್ದಿತು. ಮುಂಬಯಿಯಲ್ಲಿ ಗಿರಣಿಗೆ ಹೋಗುವ ತಾಯಂದಿರು, ಕೂಸು ಸಂಜೆಯವರೆಗೆ ಮಲಗಿರಲೆಂದು ಅದನ್ನು ಕೊಡುವರು. ಅವರನ್ನು ಹಳಿಯುವುದೆಂತು? ಹೊಟ್ಟೆಯ ಪಾಡು ಮಾಡಿಸಿದ ಕೆಲಸವದು.

ಮೆಲಟೋನಿನ್ ಅಫೀಮಲ್ಲ, ನಿಜ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ ಅವರು ಚರ್ಮರೋಗಕ್ಕೆ ಮದ್ದನ್ನು ಅರಸುತ್ತ, ದನಗಳ ಪೀನಿಯಲ್ ಗ್ರಂಥಿಯಿಂದ ಅದನ್ನು ಬೇರ್ಪಡಿಸಿದರು. ಕತ್ತಲಾದೊಡನೆ ನಮ್ಮ ಮಿದುಳಿನಲ್ಲಿಯೂ ಅದು ಒಸರುತ್ತದೆ, ಬೆಳಕು ತಡೆಯುತ್ತದೆ. ರಾತ್ರಿಯಾಯಿತೆಂದು ದೇಹಕ್ಕೆ ಸಾರುವ ಡಂಗುರವದು. ಅಮೆರಿಕದಲ್ಲಿ ಅದು ಆಹಾರಪೂರಕವೆಂದು ಅಂಗಡಿಯಲ್ಲಿ ದೊರೆಯುತ್ತದೆ. ಇಂಗ್ಲೆಂಡಿನಲ್ಲಿ ವೈದ್ಯರ ಚೀಟಿ ಬೇಕು. 2023ರಲ್ಲಿ ಅಮೆರಿಕದ 25 ಬಗೆಯ ಇಂತಹ ಮಿಠಾಯಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಡಬ್ಬಿಯ ಮೇಲಿನ ಪ್ರಮಾಣಕ್ಕೂ ಒಳಗಿನದಕ್ಕೂ ತಾಳೆಯಾಗಲಿಲ್ಲ. ಒಂದರಲ್ಲಂತೂ ಸುಮಾರು ಮೂರೂವರೆ ಪಟ್ಟು ಇದ್ದಿತು. ಅಲ್ಲಿ ಮಕ್ಕಳು ಮೆಲಟೋನಿನ್ ನುಂಗಿದರೆಂದು ವಿಷಚಿಕಿತ್ಸಾ ಕೇಂದ್ರಗಳಿಗೆ ಬಂದ ಕರೆಗಳು 2012ರಲ್ಲಿ 8,337, 2021ರಲ್ಲಿ 52,563. ಅಜ್ಜಿಯ ಎರಡು ಸುತ್ತಿನ ಲೆಕ್ಕ ಇಲ್ಲಿ ತಪ್ಪಿಹೋಗಿದೆ.

ಡಬ್ಬಿಯನ್ನು ಬೀರುವಿನಲ್ಲಿಟ್ಟು ವೈದ್ಯರಲ್ಲಿಗೆ ಹೋದೆವು. ನಿತ್ಯ ಒಂದೇ ಹೊತ್ತಿಗೆ ಏಳುವುದು, ಸಂಜೆಯ ಚಹಾ ಬಿಡುವುದು, ಮಲಗುವ ಒಂದು ಗಂಟೆ ಮೊದಲೇ ಫೋನನ್ನು ಹೊರಗಿಡುವುದು — ಮೊದಲ ಚಿಕಿತ್ಸೆ ಇದು. ಇದರಿಂದಾಗದಿದ್ದರೆ ಮಾತ್ರ ಮೆಲಟೋನಿನ್. ಅದೂ ಅರ್ಧ ಅಥವಾ ಒಂದು ಮಿಲಿಗ್ರಾಂನಿಂದ ಆರಂಭಿಸಿ, ಅವರ ಕಣ್ಣಳತೆಯಲ್ಲಿ, ಕೆಲವೇ ವಾರ. ಬೇರೆ ಔಷಧಗಳಿದ್ದರೆ ಮೊದಲೇ ತಿಳಿಸಬೇಕು.

ಹದಿನೈದು ದಿನಗಳಾದವು. ಮಗಳು ಹನ್ನೊಂದಕ್ಕೆ ಮಲಗುತ್ತಿದ್ದಾಳೆ. ಡಬ್ಬಿಯ ಮುಚ್ಚಳ ತೆರೆದಿಲ್ಲ. ಅವಳು ಹಾಕಿದ ಷರತ್ತಿನಂತೆ ನನ್ನ ಫೋನೂ ಹತ್ತಕ್ಕೆ ಹೊರಕೋಣೆ ಸೇರುತ್ತಿದೆ. ನನಗೂ ನಿದ್ದೆ ಚೆನ್ನಾಗಿ ಬರುತ್ತಿದೆಯೆಂದು ಒಪ್ಪಿಕೊಳ್ಳಲೇಬೇಕು.