ಹಾಲೂಡುವ ಪಾತ್ರೆ: ಉಳಿಸಿಕೊಂಡದ್ದು, ಬಿಟ್ಟುಕೊಟ್ಟದ್ದು

ಜರ್ಮನಿಯ ಬವೇರಿಯಾ ಪ್ರಾಂತ್ಯದಲ್ಲಿ ಕಂಚಿನ ಯುಗದ ಅಂತ್ಯ ಹಾಗೂ ಕಬ್ಬಿಣದ ಯುಗದ ಆರಂಭಕ್ಕೆ ಸೇರಿದ ಮಕ್ಕಳ ಸಮಾಧಿಗಳಲ್ಲಿ ಕಿರುಮೂತಿಯ ಮಣ್ಣಿನ ಪಾತ್ರೆಗಳು ದೊರೆತಿವೆ. ಅವುಗಳಲ್ಲಿ ಮೂರನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದ ಜೂಲಿ ಡನ್ ಮತ್ತು ಸಹಸಂಶೋಧಕರು ಪರೀಕ್ಷಿಸಿ, ಪ್ರಾಣಿಗಳ ಹಾಲಿನ ಕೊಬ್ಬಿನಂಶ ಉಳಿದಿರುವುದನ್ನು 2019ರಲ್ಲಿ ಪ್ರಕಟಿಸಿದರು. ಎರಡೂವರೆ ಸಾವಿರ ವರ್ಷಗಳಾಚೆಗೂ ಮಣ್ಣು ಹಾಲನ್ನು ಬಿಟ್ಟುಕೊಟ್ಟಿರಲಿಲ್ಲ. ಮಕ್ಕಳ ಪಾತ್ರೆಯ ಇತಿಹಾಸವನ್ನು ಅರಿಯಲು ಇಲ್ಲಿಂದಲೇ ಎರಡು ಪ್ರಶ್ನೆಗಳು ಹುಟ್ಟುತ್ತವೆ: ಪಾತ್ರೆಯು ಆಹಾರದಿಂದ ಏನನ್ನು ತನ್ನಲ್ಲಿ ಉಳಿಸಿಕೊಳ್ಳುತ್ತದೆ? ಆಹಾರಕ್ಕೆ ತನ್ನಿಂದ ಏನನ್ನು ಬಿಟ್ಟುಕೊಡುತ್ತದೆ?

ಮೊದಲನೆಯ ಪ್ರಶ್ನೆಯನ್ನು ಮರೆತದ್ದರ ಫಲ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಾಣುತ್ತದೆ. ಗಾಜಿನ ಸೀಸೆಗೆ ಉದ್ದನೆಯ ರಬ್ಬರ್ ನಳಿಗೆಯನ್ನು ಜೋಡಿಸಿದ ಬಾಟಲಿಗಳು ಆಗ ಜನಪ್ರಿಯವಾದವು. ಮಗು ತಾನೇ ಹಾಲು ಹೀರಬಹುದಾಗಿದ್ದುದರಿಂದ ತಾಯಿಗೆ ಅನುಕೂಲವಿತ್ತು. ಆದರೆ ನಳಿಗೆಯ ಒಳಭಾಗವನ್ನು ತೊಳೆಯುವುದು ದುಸ್ಸಾಧ್ಯ; ಅಲ್ಲಿ ಕೆಟ್ಟ ಹಾಲಿನಲ್ಲಿ ರೋಗಾಣುಗಳು ಬೆಳೆದವು. ಅನೇಕ ಶಿಶುಗಳ ಸಾವಿಗೆ ಕಾರಣವಾದ ಇದಕ್ಕೆ ‘ಕೊಲೆಗಡುಕ ಬಾಟಲಿ’ ಎಂಬ ಹೆಸರೇ ಬಂದಿತು. ಫ್ರಾನ್ಸ್ 1910ರಲ್ಲಿ ಇದನ್ನು ಕಾನೂನಿನಿಂದ ನಿಷೇಧಿಸಿತು. ಎರಡೂ ತುದಿ ತೆರೆದಿದ್ದು, ಒಳಗೆಲ್ಲ ತೊಳೆಯಬಹುದಾದ ದೋಣಿಯಾಕಾರದ ಬಾಟಲಿ ಬಂದುದು ಆ ಶತಮಾನದ ಕೊನೆಗೆ.

ಎರಡನೆಯ ಪ್ರಶ್ನೆಗೆ ಇಪ್ಪತ್ತನೆಯ ಶತಮಾನ ಸಾಕ್ಷಿ. ರಷ್ಯದ ರಸಾಯನಶಾಸ್ತ್ರಜ್ಞ ಡಯಾನಿನ್ 1891ರಲ್ಲಿ ಸಿದ್ಧಪಡಿಸಿದ ಬಿಸ್ಫಿನಾಲ್-ಎ ಸ್ತ್ರೀ ಹಾರ್ಮೋನಿನಂತೆ ವರ್ತಿಸುತ್ತದೆಂಬುದನ್ನು ಬ್ರಿಟನ್ನಿನ ಚಾರ್ಲ್ಸ್ ಡಾಡ್ಸ್ 1936ರಲ್ಲೇ ತೋರಿಸಿದ್ದರು. 1953ರಲ್ಲಿ ಇದೇ ವಸ್ತುವಿನಿಂದ ಪಾಲಿಕಾರ್ಬೊನೇಟ್ ತಯಾರಾಯಿತು. ಗಾಜಿನಂತೆ ಪಾರದರ್ಶಕವಾಗಿದ್ದು ಬಿದ್ದರೂ ಒಡೆಯದ ಅದು ಕ್ರಮೇಣ ಹಾಲಿನ ಬಾಟಲಿಯಾಯಿತು. ಬಿಸಿಯಾದಾಗ ಅದರಿಂದ ಬಿಸ್ಫಿನಾಲ್ ಹಾಲಿಗೆ ಇಳಿಯುವ ಪ್ರಮಾಣ ಹೆಚ್ಚುತ್ತದೆ. ಮಕ್ಕಳ ಬಾಟಲಿಗಳಲ್ಲಿ ಇದನ್ನು ನಿಷೇಧಿಸುವ ನಿರ್ಧಾರವನ್ನು ಕೆನಡಾ ಪ್ರಕಟಿಸಿದ್ದು 2008ರಲ್ಲಿ. ಯುರೋಪಿಯನ್ ಒಕ್ಕೂಟ 2011ರಲ್ಲಿಯೂ ಅಮೆರಿಕ 2012ರಲ್ಲಿಯೂ ನಿಷೇಧ ಜಾರಿಗೊಳಿಸಿದವು. ಭಾರತೀಯ ಮಾನಕ ಬ್ಯೂರೋ 2015ರ ಮಾನದಂಡದಲ್ಲಿ ಈ ಕ್ರಮವನ್ನು ಅನುಸರಿಸಿತು. ಅರಿವಿಗೂ ಆಚರಣೆಗೂ ನಡುವೆ ಏಳು ದಶಕಗಳ ಅಂತರ! ಬದಲಿಗೆ ಬಂದ ಬಿಸ್ಫಿನಾಲ್-ಎಸ್ ಕೂಡ ಹಾರ್ಮೋನಿನ ಗುಣವುಳ್ಳದ್ದೆಂದು ಪ್ರಯೋಗಗಳು ತೋರಿಸಿರುವುದರಿಂದ, ‘ಬಿಪಿಎ ಮುಕ್ತ’ ಎಂಬ ಮುದ್ರೆಯೊಂದೇ ಅಭಯವಾಗಲಾರದು.

ಕನ್ನಡ ನಾಡಿನ ಒಳಲೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಬಾಯಿ ತೆರೆದ, ಚಿಕ್ಕ ಮೂತಿಯ ಈ ಪಾತ್ರೆಯೊಳಗೆ ಬೆರಳು ಆಡುತ್ತದೆ. ಅಂಟಿದ್ದು ಕಣ್ಣಿಗೆ ಕಾಣುತ್ತದೆ. ತಮಿಳಿನಲ್ಲಿ ಪಾಲಾಡೈ ಎನಿಸಿಕೊಂಡ ಇದೇ ಬಗೆಯ ಪಾತ್ರೆಯಿಂದ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಭಾರತದ ಆಸ್ಪತ್ರೆಗಳಲ್ಲಿ ಇಂದಿಗೂ ಹಾಲೂಡಿಸುತ್ತಾರೆ. ಹಾಗೆಂದು ಹಳೆಯದೆಲ್ಲ ನಿರ್ದೋಷವಲ್ಲ. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿಪದಾರ್ಥವಿಟ್ಟರೆ ಲೋಹವು ಕರಗಿ ಆಹಾರಕ್ಕೆ ಸೇರುತ್ತದೆ. ಕಲಾಯಿಯ ತವರದಲ್ಲಿ ಸೀಸ ಬೆರೆತಿದ್ದರೆ ಮಗುವಿನ ಮಿದುಳಿಗೇ ಹಾನಿ.

ಆದ್ದರಿಂದ ಪಾತ್ರೆಯ ಪ್ರಾಚೀನತೆಯಾಗಲಿ ನವೀನತೆಯಾಗಲಿ ಪ್ರಮಾಣವಲ್ಲ. ಬಿಸಿ ಆಹಾರಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಗಾಜು, ಅಗಲ ಬಾಯಿ, ಬಿಡಿಸಿ ತೊಳೆಯಬಹುದಾದ ಮುಚ್ಚಳ, ಗೀರುಬಿದ್ದ ಪ್ಲಾಸ್ಟಿಕ್ಕಿನ ತ್ಯಾಗ: ಇಂದಿನ ಈ ಆಯ್ಕೆಗಳೆಲ್ಲ ಆ ಎರಡು ಪ್ರಶ್ನೆಗಳಿಗೆ ಇತಿಹಾಸವು ಶಿಶುಗಳ ಪ್ರಾಣವನ್ನೇ ತೆತ್ತು ಕಲಿತ ಉತ್ತರಗಳು.