ಲೀ ಬೇಕಾ, ಮೌಸರ್ ಬೇಕಾ?

ಪೊಲೀಸ್ ಪರೇಡ್ ನೋಡಿದವರಿಗೆಲ್ಲ ‘ತ್ರೀ ನಾಟ್ ತ್ರೀ’ ಗೊತ್ತು. ಮರದ ಮೈಯ ಉದ್ದನೆ ರೈಫಲ್, ಬಲಗಡೆ ಒಂದು ಗುಂಡು ಹಿಡಿ. ಆ ಹಿಡಿಯನ್ನು ಎತ್ತಿ, ಹಿಂದಕ್ಕೆ ಎಳೆದು, ಮುಂದಕ್ಕೆ ತಳ್ಳಿ, ಕೆಳಗೆ ಮಡಚಿದರೆ ಒಂದು ಈಡಿಗೆ ರೆಡಿ. ಬೋಲ್ಟ್ ಆಕ್ಷನ್ ಅಂದರೆ ಇಷ್ಟೇ. ನಮ್ಮ ಮನೆ ಬಾಗಿಲಿನ ಚಿಲಕ ಇದೆಯಲ್ಲ, ಅದೇ ತತ್ವ. ಆದರೆ ಈ ಚಿಲಕದಲ್ಲಿ ಎರಡು ದೊಡ್ಡ ಮನೆತನಗಳಿವೆ. ಒಂದು ಲೀ, ಇನ್ನೊಂದು ಮೌಸರ್. ಗುರಿ ಹೊಡೆಯೋಕೆ ಯಾವುದು ಒಳ್ಳೇದು, ಶಿಕಾರಿಗೆ ಯಾವುದು ಒಳ್ಳೇದು ಅನ್ನೋ ಜಗಳಕ್ಕೆ ನೂರು ವರ್ಷ ದಾಟಿದೆ. ಈ ಜಗಳದಲ್ಲಿ ಸಾಮ್ರಾಜ್ಯಗಳ ಮಾನ ಹೋಗಿದೆ. ನಮ್ಮ ದೇಶದ ಕಾನೂನೂ ಇದರೊಳಗೆ ಸಿಕ್ಕಿಕೊಂಡಿದೆ.

ಮೊದಲು ಯಂತ್ರ ನೋಡೋಣ. ನಾನು ಇಂಜಿನಿಯರಿಂಗ್ ಓದಿದವನು, ಈ ಭಾಗ ಬಿಟ್ಟು ಮುಂದೆ ಹೋಗೋಕೆ ಮನಸ್ಸು ಬರಲ್ಲ.

ಜೇಮ್ಸ್ ಪ್ಯಾರಿಸ್ ಲೀ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, ಬೆಳೆದಿದ್ದು ಕೆನಡಾದಲ್ಲಿ. ಆತ ಮಾಡಿದ ಬೋಲ್ಟನ್ನು ಬ್ರಿಟಿಷರು ತಮ್ಮ ಎನ್‌ಫೀಲ್ಡ್ ಕಾರ್ಖಾನೆಯ ನಳಿಕೆಗೆ ಜೋಡಿಸಿದರು. ಹುಟ್ಟಿದ್ದು ಲೀ-ಎನ್‌ಫೀಲ್ಡ್. ಇದರ ಬೋಲ್ಟ್ ಭದ್ರವಾಗಿ ಕಚ್ಚಿಕೊಳ್ಳೋದು ಹಿಂಭಾಗದಲ್ಲಿ. ಹಿಡಿಯನ್ನು ಸುಮಾರು 60 ಡಿಗ್ರಿ ಎತ್ತಿದರೆ ಸಾಕು. ಮ್ಯಾಗಜಿನ್‌ನಲ್ಲಿ 10 ತೋಟಾ. ಹಾಗಾಗಿ ವೇಗ.

ಪೌಲ್ ಮೌಸರ್ ಜರ್ಮನಿಯ ಓಬರ್ನ್‌ಡಾರ್ಫ್‌ನವನು. ಅವನ 1898ರ ಮಾದರಿಯಲ್ಲಿ ಬೋಲ್ಟ್ ಕಚ್ಚಿಕೊಳ್ಳೋದು ಮುಂಭಾಗದಲ್ಲಿ, ತೋಟಾದ ಬೆನ್ನಿಗೇ. ಸ್ಫೋಟದ ಒತ್ತಡವನ್ನು ಅಲ್ಲೇ ತಡೆದು ನಿಲ್ಲಿಸುತ್ತೆ. ಸಾಲದ್ದಕ್ಕೆ ಹಿಂದೆ ಇನ್ನೊಂದು ಕೊಕ್ಕೆ, ಕಾವಲಿಗೆ. ಹಿಡಿ 90 ಡಿಗ್ರಿ ಎತ್ತಬೇಕು, ಒಳಗಿರೋದು 5 ತೋಟಾ ಮಾತ್ರ. ಆದರೆ ಹದ್ದಿನ ಉಗುರಿನಂಥ ಒಂದು ಉದ್ದ ಕೊಂಡಿ ಇದೆ. ತೋಟಾ ಮ್ಯಾಗಜಿನ್‌ನಿಂದ ಮೇಲೆ ಬಂದ ಕೂಡಲೇ ಅದರ ಅಂಚನ್ನು ಹಿಡಿದುಕೊಂಡರೆ, ಖಾಲಿ ಕೊಳವೆಯನ್ನು ಹೊರಗೆ ಎಸೆಯುವ ತನಕ ಬಿಡಲ್ಲ. ಗಾಬರಿಯಲ್ಲಿ ಬೋಲ್ಟನ್ನು ಅರ್ಧಕ್ಕೆ ತಳ್ಳಿ ಮತ್ತೆ ಎಳೆದರೂ ಎರಡು ತೋಟಾ ಒಟ್ಟಿಗೆ ನುಗ್ಗಿ ಸಿಕ್ಕಿಹಾಕಿಕೊಳ್ಳೋದಿಲ್ಲ.

ಈಗ ಇತಿಹಾಸಕ್ಕೆ ಬನ್ನಿ. 1899, ದಕ್ಷಿಣ ಆಫ್ರಿಕಾ. ಬೋಯರ್ ರೈತರ ಕೈಯಲ್ಲಿ ಮೌಸರ್, 7 ಮಿಲಿಮೀಟರ್‌ದು. ಎದುರಿಗೆ ಜಗತ್ತಿನ ಅತಿ ದೊಡ್ಡ ಸಾಮ್ರಾಜ್ಯದ ಸೈನಿಕರು, ಲೀ ರೈಫಲ್ ಹಿಡಿದು. ಬೋಯರ್‌ಗಳು ಐದು ತೋಟಾ ಕ್ಲಿಪ್ಪಿಗೆ ಸಿಕ್ಕಿಸಿಕೊಂಡು ಒಂದೇ ಒತ್ತಿಗೆ ತುಂಬುತ್ತಿದ್ದರು. ಬ್ರಿಟಿಷ್ ಸೈನಿಕ ಒಂದೊಂದೇ ಎಣಿಸಿ ಹಾಕಬೇಕಿತ್ತು. ಆ ಡಿಸೆಂಬರಿನ ಒಂದೇ ವಾರದಲ್ಲಿ ಸ್ಟಾರ್ಮ್‌ಬರ್ಗ್, ಮಾಗರ್ಸ್‌ಫಾಂಟೇನ್, ಕೊಲೆಂಜೊ, ಮೂರು ಕಡೆ ಸೋಲು. ಅದನ್ನು ಬ್ರಿಟಿಷರೇ ‘ಕಪ್ಪು ವಾರ’ ಅಂತ ಕರೆದರು. ಮುಂದಿನ ತಿಂಗಳು ಸ್ಪಿಯೋನ್ ಕಾಪ್‌ನಲ್ಲಿ ಮತ್ತೆ ಪೆಟ್ಟು. ಅಲ್ಲಿ ಗಾಯಾಳುಗಳ ಡೋಲಿ ಹೊತ್ತ ಭಾರತೀಯರ ತಂಡದಲ್ಲಿ ಮೋಹನದಾಸ ಗಾಂಧಿ ಅನ್ನೋ ವಕೀಲರೂ ಇದ್ದರು.

ಸೋಲಿಗೆ ಬರೀ ರೈಫಲ್ ಕಾರಣವಾ? ಖಂಡಿತ ಅಲ್ಲ. ಬೋಯರ್‌ಗಳು ಬೇಟೆಯಾಡಿ ಬೆಳೆದವರು, ಗುಂಡಿ ತೋಡಿ ಅಡಗಿ ಹೊಡೆದರು. ಬ್ರಿಟಿಷರು ಬಯಲಲ್ಲಿ ಸಾಲಾಗಿ ನಡೆದರು. ಆದರೆ ಸೋತವರಿಗೆ ಕಣ್ಣಿಗೆ ಕಾಣೋದು ಗೆದ್ದವನ ಕೈಯಲ್ಲಿರೋ ವಸ್ತು, ಅಲ್ವಾ? ಲಂಡನ್ನಿನಲ್ಲಿ ಶುರುವಾಯ್ತು ಗಲಾಟೆ: ನಮ್ಮ ರೈಫಲ್ ಬಿಸಾಕಿ, ಮೌಸರ್ ಥರದ್ದು ಮಾಡಿ. ಆರು ವರ್ಷದೊಳಗೆ ಲೀ-ಎನ್‌ಫೀಲ್ಡನ್ನು ಗಿಡ್ಡ ಮಾಡಿ, ಕ್ಲಿಪ್ಪಿನಿಂದ ತುಂಬುವಂತೆ ಮಾಡಿದ್ದಾಯ್ತು. ಸಮಾಧಾನ ಆಗಲಿಲ್ಲ. 1913ರಲ್ಲಿ ಮೌಸರ್ ಮಾದರಿಯಲ್ಲೇ ಹೊಸ ರೈಫಲ್ ಮಾಡಿ ಪರೀಕ್ಷೆಗೆ ಇಟ್ಟರು. ಅಮೆರಿಕದ್ದು ಇನ್ನೂ ತಮಾಷೆ. ಅವರ 1903ರ ಸ್ಪ್ರಿಂಗ್‌ಫೀಲ್ಡ್ ಎಷ್ಟು ಮೌಸರ್ ಆಗಿತ್ತು ಅಂದರೆ, ಸರ್ಕಾರ ಮೌಸರ್ ಕಂಪನಿಗೆ 2 ಲಕ್ಷ ಡಾಲರ್ ರಾಯಧನ ಕಟ್ಟಬೇಕಾಯ್ತು.

ಅಷ್ಟರಲ್ಲಿ 1914 ಬಂತು, ಮಹಾಯುದ್ಧ ಬಂತು. ಹೊಸ ರೈಫಲ್ಲಿಗೆ ಸಮಯ ಇರಲಿಲ್ಲ. ಕೈಬಿಡಬೇಕು ಅಂದುಕೊಂಡಿದ್ದ ಲೀ-ಎನ್‌ಫೀಲ್ಡನ್ನೇ ಹಿಡಿದು ಸೈನಿಕರು ಬೆಲ್ಜಿಯಂನ ಮಾನ್ಸ್‌ಗೆ ಹೋದರು. ನಿಮಿಷಕ್ಕೆ 15 ಗುರಿಯಿಟ್ಟ ಈಡು ಹೊಡೆಯೋ ತರಬೇತಿ ಅವರಿಗಿತ್ತು. ಎದುರಿದ್ದ ಜರ್ಮನ್ನರಿಗೆ ಅದು ಮಷಿನ್‌ಗನ್ ಅನ್ನಿಸಿತು ಅಂತ ಇವತ್ತಿಗೂ ಹೇಳ್ತಾರೆ. ತಾವೇ ತಿರಸ್ಕರಿಸಿದ್ದ ಕೋವಿ ಬ್ರಿಟಿಷರ ಮಾನ ಉಳಿಸಿತು.

ಹಾಗಾದರೆ ಗುರಿ ಹೊಡೆಯೋ ಮೈದಾನದಲ್ಲಿ? ಪುಸ್ತಕದ ಲೆಕ್ಕದಲ್ಲಿ ಮುಂದೆ ಕಚ್ಚುವ ಬೋಲ್ಟೇ ನಿಖರ. ಲೀ ರೈಫಲ್ಲಿನ ಬೋಲ್ಟ್ ಹಿಂದೆ ಕಚ್ಚೋದರಿಂದ ಈಡು ಹಾರುವಾಗ ಇಡೀ ಮೈ ಸ್ವಲ್ಪ ಬಾಗಿ ನಡುಗುತ್ತೆ. ಅದು ದೋಷ ತಾನೇ? ಇಂಗ್ಲೆಂಡಿನ ಬಿಸ್ಲಿಯಲ್ಲಿ 1890ರಿಂದ ಗುರಿ ಸ್ಪರ್ಧೆ ನಡೆಯುತ್ತೆ. ಅಲ್ಲಿನವರು ಕಂಡುಕೊಂಡ ಸತ್ಯ ಬೇರೆ. ಹತ್ತಿರದ ಗುರಿಗೆ ಮೌಸರ್ ಥರದ್ದೇ ವಾಸಿ. ಆದರೆ 900, 1000 ಗಜದಲ್ಲಿ ಲೀ ಮುಂದೆ! ಯಾಕೆ ಹೇಳಿ? ಎರಡು ಗುಂಡಿನ ವೇಗ ಒಂದೇ ಇರಲ್ಲ. ನಿಧಾನದ ಗುಂಡು ನಳಿಕೆ ಬಿಡೋದು ಒಂದು ಕ್ಷಣ ತಡ. ಅಷ್ಟರಲ್ಲಿ ನಡುಗುತ್ತಿರುವ ನಳಿಕೆಯ ಬಾಯಿ ಕೂದಲೆಳೆಯಷ್ಟು ಮೇಲೆದ್ದಿರುತ್ತೆ. ದಾರಿಯಲ್ಲಿ ಹೆಚ್ಚು ಕೆಳಗೆ ಬೀಳಬೇಕಾದ ಗುಂಡು ಸ್ವಲ್ಪ ಎತ್ತರದಿಂದ ಹೊರಡುತ್ತೆ. ಕೊನೆಗೆ ಎರಡೂ ಹತ್ತಿರ ಹತ್ತಿರವೇ ತಾಗುತ್ತೆ. ದೋಷವೇ ದೋಷವನ್ನು ತಿದ್ದಿತು. ನನಗೆ ಈ ಇಡೀ ಕತೆಯಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಶಿಕಾರಿಯಲ್ಲಿ ಮಾತ್ರ ಮೌಸರ್‌ಗೆ ಎದುರಿಲ್ಲ. ಕಾಡಲ್ಲಿ ಹತ್ತು ಈಡು ಹೊಡೆಯೋ ಅವಕಾಶ ಯಾರಿಗೂ ಸಿಗಲ್ಲ. ಬೇಕಾಗೋದು ಎರಡನೇ ಈಡು, ಅದು ಸಿಕ್ಕಿಹಾಕಿಕೊಳ್ಳಬಾರದು. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದ ಜಿಮ್ ಕಾರ್ಬೆಟ್‌ಗೆ ಬಹುಮಾನವಾಗಿ ಒಂದು ರೈಫಲ್ ಬಂತು, ಲಂಡನ್ನಿನ ರಿಗ್ಬಿ ಮಾಡಿದ್ದು. ಹೆಸರು .275 ರಿಗ್ಬಿ. ಒಳಗಿದ್ದ ಬೋಲ್ಟ್ ಮೌಸರ್‌ದು. ತೋಟಾ ಕೂಡ ಬೋಯರ್‌ಗಳು ಹಾರಿಸಿದ್ದ ಅದೇ 7 ಮಿಲಿಮೀಟರ್ ತೋಟಾ, ಇಂಗ್ಲಿಷ್ ಹೆಸರು ಇಟ್ಟುಕೊಂಡಿತ್ತು ಅಷ್ಟೇ. ಹಿಂದೆ ಬ್ರಿಟಿಷರ ಎದೆಗೆ ನೆಟ್ಟಿದ್ದು ಈಗ ಅವರ ಉಡುಗೊರೆ. 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆ ಬಿದ್ದದ್ದು ಇದೇ ರೈಫಲ್ಲಿಗೆ. ಸರ್ಕಾರದ ಲೆಕ್ಕದಲ್ಲೇ ಆ ಚಿರತೆ 125 ಜನರನ್ನು ತಿಂದಿತ್ತು.

ಸರಿ, ನಮ್ಮ ಜನ ಯಾವುದನ್ನು ಆರಿಸಿಕೊಂಡರು? ಇಲ್ಲೇ ಇರೋದು ವಿಷಯ. ಆರಿಸಿಕೊಳ್ಳೋಕೆ ಬಿಟ್ಟಿದ್ದರೆ ತಾನೇ! 1857ರ ಭಯ ಬ್ರಿಟಿಷರ ಎದೆಯಿಂದ ಹೋಗಲೇ ಇಲ್ಲ. 1878ರಲ್ಲಿ ಶಸ್ತ್ರ ಕಾಯ್ದೆ ತಂದರು. ಸೈನ್ಯದ .303 ತೋಟಾ ಸಾಮಾನ್ಯರ ಕೈಗೆ ಸಿಗಬಾರದು ಅಂತ ನಿರ್ಬಂಧ ಹಾಕಿದರು. ವ್ಯಾಪಾರಿಗಳು ಉಪಾಯ ಹುಡುಕಿದರು. ಲೀ ರೈಫಲ್ಲನ್ನೇ ಇಟ್ಟುಕೊಂಡು, ಆಸ್ಟ್ರಿಯಾ ಸೈನ್ಯದ 8 ಮಿಲಿಮೀಟರ್ ತೋಟಾಗೆ ಹೊಂದಿಸಿ, .315 ಅಂತ ಹೆಸರಿಟ್ಟು ಭಾರತದಲ್ಲಿ ಮಾರಿದರು. ಬ್ರಿಟಿಷರು ಹೋದರು, .315 ಹೋಗಲಿಲ್ಲ. ಸ್ವತಂತ್ರ ಭಾರತದ ಸರ್ಕಾರಿ ಕಾರ್ಖಾನೆಗಳೇ ಅದನ್ನು ಮಾಡಿದವು. ಲೈಸೆನ್ಸ್ ಇರುವ ರೈತರ ಮನೆಯಲ್ಲಿ ಇವತ್ತಿಗೂ ಕಾಣೋ ರೈಫಲ್ ಅದು. ಅದನ್ನು ಆರಿಸಿದ್ದು ಬೇಟೆಗಾರನೂ ಅಲ್ಲ, ಇಂಜಿನಿಯರೂ ಅಲ್ಲ. ಆಳುವವರ ಭಯ ಆರಿಸಿದ್ದು.

ಕೊಡಗಿನ ಮಾತು ಬೇರೆ. ಕೊಡವರಿಗೆ, ಜಮ್ಮಾ ಭೂಮಿ ಇರುವವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ವಿಸ್ತರಿಸಿತು. ಸೆಪ್ಟೆಂಬರಿನ ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿ. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ಅಪರಾಧ. ಹಾಗಾಗಿ ಉಳಿದದ್ದು ಗುರಿ ಮಾತ್ರ. ಅದು ಒಳ್ಳೆಯದೇ ಆಯ್ತು.

ಕೊನೆಗೆ ಒಂದು ಮಾತು. 2008ರ ನವೆಂಬರ್ 26ರ ರಾತ್ರಿ ಮುಂಬೈನ ಸಿಎಸ್‌ಟಿ ನಿಲ್ದಾಣದಲ್ಲಿ ಎಕೆ ರೈಫಲ್ ಹಿಡಿದವರ ಎದುರು ನಮ್ಮ ಸಿಬ್ಬಂದಿಯ ಕೈಯಲ್ಲಿದ್ದದ್ದು ಇದೇ ತ್ರೀ ನಾಟ್ ತ್ರೀ. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಲ್ಲಿ. ಲೀ ಕೆಟ್ಟ ರೈಫಲ್ಲಾ? ಅಲ್ಲವೇ ಅಲ್ಲ. 1914ಕ್ಕೆ ಅದು ಸರಿ, ಬಿಸ್ಲಿಯ ಸಾವಿರ ಗಜಕ್ಕೆ ಸರಿ. ರೈಲು ನಿಲ್ದಾಣದ ಪಹರೆಗೆ ಸರಿಯಿರಲಿಲ್ಲ. ‘ಯಾವುದು ಒಳ್ಳೇದು’ ಅಂತ ಕೇಳೋ ಮೊದಲು ‘ಯಾವ ಕೆಲಸಕ್ಕೆ’ ಅಂತ ಕೇಳಬೇಕು. ಅದನ್ನು ಕೇಳಬೇಕಾದವರು ಎಸಿ ರೂಮಿನಲ್ಲಿ ಕೂತು ಫೈಲು ತಿರುವಿಹಾಕುವವರು. ಕೇಳದೇ ಇದ್ದರೆ ಬೆಲೆ ಕಟ್ಟೋದು ಮಾತ್ರ ಪ್ಲಾಟ್‌ಫಾರ್ಮಿನಲ್ಲಿ ನಿಂತಿರೋ ಪೇದೆ.