ಪರದೇಶಿಯಿಂದ ಪುರುಷಾರ್ಥಿಯವರೆಗೆ

ಕನ್ನಡದಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ಮೊದಲನೆಯದು. ದಿಕ್ಕಿಲ್ಲದವನು, ಅನಾಥ ಎಂಬುದು ಎರಡನೆಯದು. ಆಡುಮಾತಿನಲ್ಲಿ ನಾವು ಹೆಚ್ಚಾಗಿ ಬಳಸುವುದು ಎರಡನೆಯ ಅರ್ಥವನ್ನೇ. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಗಾದೆ ಕಟ್ಟಿದ ಜನರೇ, ಹಾಗೆ ಹೋದವನನ್ನು ಅನಾಥನೆಂದೂ ಕರೆದರು. ಹೊಸ ದೇಶದ ಅನ್ನ, ಹವೆ, ಭಾಷೆಗಳ ಭಯಕ್ಕಿಂತ ಅಲ್ಲಿ ನಮ್ಮನ್ನು ಬಲ್ಲವರು ಯಾರೂ ಇರುವುದಿಲ್ಲವೆಂಬ ಭಯವೇ ದೊಡ್ಡದೆಂದು ಈ ಶಬ್ದ ಸೂಚಿಸುತ್ತದೆ.

ಈ ಭಯಕ್ಕೆ ಶಾಸ್ತ್ರದ ಬೆಂಬಲವೂ ಇತ್ತು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ದೋಷಗಳಲ್ಲಿ ಎಣಿಸುತ್ತದೆ. ಆದರೆ ಬದುಕು ಶಾಸ್ತ್ರವನ್ನು ಮೀರಿ ನಡೆದದ್ದೂ ಉಂಟು. ನಮ್ಮ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ವಣಿಕ ಸಂಘದ 1088ರ ಶಾಸನವೊಂದು ಸುಮಾತ್ರಾ ದ್ವೀಪದ ಬಾರೂಸಿನ ಬಳಿ ದೊರೆತಿದೆ. ಅದಾಗಿ ಎಂಟು ಶತಮಾನಗಳ ಬಳಿಕ, 1888ರಲ್ಲಿ, ಇಂಗ್ಲೆಂಡಿಗೆ ಹೊರಟ ಮೋಹನದಾಸ ಗಾಂಧಿಯವರನ್ನು ಅವರ ಜಾತಿಯ ಪಂಚಾಯಿತಿ ಬಹಿಷ್ಕರಿಸಿತು. ಬೀಳ್ಕೊಡಲು ಬಂದರಿಗೆ ಹೋದವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿತು. ಇಲ್ಲಿ ಗಮನಿಸಬೇಕಾದದ್ದು ಶಿಕ್ಷೆಯ ಸ್ವರೂಪ. ಪರದೇಶಕ್ಕೆ ಹೊರಟವನನ್ನು ಸ್ವದೇಶದಲ್ಲಿಯೇ ‘ಪರದೇಶಿ’ಯನ್ನಾಗಿ ಮಾಡುವುದು, ಅಂದರೆ ಅವನಿಗೆ ತನ್ನವರಿಲ್ಲದಂತೆ ಮಾಡುವುದು, ಆ ಶಿಕ್ಷೆಯಾಗಿತ್ತು.

ಗಾಂಧೀಜಿ ತಾವಾಗಿ ಬಯಸಿ ಹೊರಟವರು. ಬಯಸದೆ ಹೊರಟವರ ಭಯ ಬೇರೆಯ ಬಗೆಯದು. 1947ರಲ್ಲಿ ದೆಹಲಿಗೆ ಬಂದವರು ಅಂಥವರು. 1941ರ ಜನಗಣತಿಯಲ್ಲಿ ಸುಮಾರು 9.18 ಲಕ್ಷವಿದ್ದ ದೆಹಲಿಯ ಜನಸಂಖ್ಯೆ 1951ರಲ್ಲಿ 17.44 ಲಕ್ಷವಾಯಿತು. ಅವರಲ್ಲಿ ಸುಮಾರು ಐದು ಲಕ್ಷ ಮಂದಿ ಪಾಕಿಸ್ತಾನವಾದ ಪ್ರದೇಶಗಳಿಂದ ಬಂದವರು. ಇದೇ ಹೊತ್ತಿನಲ್ಲಿ ದೆಹಲಿಯ ಸಾವಿರಾರು ಮುಸಲ್ಮಾನರು ಹಳೆಯ ಕೋಟೆಯ ಶಿಬಿರದಲ್ಲಿ ಕಾದಿದ್ದು, ತಾವು ಕಾಣದ ಮತ್ತೊಂದು ಹೊಸ ದೇಶಕ್ಕೆ ಹೊರಟರು ಎಂಬುದನ್ನೂ ನಾವು ಮರೆಯಬಾರದು.

ಈ ಚರಿತ್ರೆಯಲ್ಲಿ ನಮ್ಮ ಕರಾವಳಿಯ ಹೆಸರೊಂದಿದೆ. ಕಮಲಾದೇವಿ ಚಟ್ಟೋಪಾಧ್ಯಾಯರು 1903ರಲ್ಲಿ ಮಂಗಳೂರಿನ ಸಾರಸ್ವತ ಮನೆತನವೊಂದರಲ್ಲಿ ಹುಟ್ಟಿದವರು. ಬಾಲ್ಯದಲ್ಲಿಯೇ ವಿಧವೆಯಾಗಿ, ಜನರ ಮಾತನ್ನು ಲೆಕ್ಕಿಸದೆ ಬಂಗಾಳಿ ಕವಿ ಹರೀಂದ್ರನಾಥರನ್ನು ವರಿಸಿ, ಲಂಡನ್ನಿಗೆ ಹೋಗಿ ಓದಿ, ಅಸಹಕಾರ ಚಳವಳಿಯ ಕರೆ ಕೇಳಿ ಹಿಂತಿರುಗಿದರು. ಗೆರೆಗಳನ್ನು ದಾಟಿ ಬಲ್ಲ ಈ ಮಹಿಳೆ 1948ರಲ್ಲಿ ದೆಹಲಿಯಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಸಂಸ್ಥೆಯನ್ನು ಕಟ್ಟಿದರು. ಮೊದಲು ಛತ್ತರ್‌ಪುರದಲ್ಲಿ ನಿರಾಶ್ರಿತ ರೈತರ ನಡುವೆ, ಅನಂತರ ಫರೀದಾಬಾದಿನಲ್ಲಿ ಆ ಸಂಸ್ಥೆ ಕೆಲಸ ಮಾಡಿತು.

ನಾವಿರುವ ಲಕ್ಷ್ಮೀ ನಗರದಿಂದ ಮೆಟ್ರೋ ಹಿಡಿದು, ಮಂಡಿ ಹೌಸಿನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿಕೊಂಡರೆ ಫರೀದಾಬಾದನ್ನು ತಲುಪಬಹುದು. ಇಂದು ಕಾರ್ಖಾನೆಗಳ ಊರೆನಿಸಿದ ಆ ನಗರದ ಹೊಸ ಭಾಗವು ವಾಯವ್ಯ ಗಡಿಪ್ರಾಂತದ ಬನ್ನೂ ಮೊದಲಾದ ಕಡೆಗಳಿಂದ ಬಂದ ನಿರಾಶ್ರಿತರಿಗಾಗಿ ಎದ್ದದ್ದು. ಅವರಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರ ಅನುಯಾಯಿಗಳೂ ಇದ್ದರು. ತಮ್ಮನ್ನು ಬೇರೆ ಬೇರೆ ಊರುಗಳಿಗೆ ಹಂಚಿ ಕಳುಹಿಸುವ ಯೋಜನೆಯನ್ನು ಅವರು ಒಪ್ಪಲಿಲ್ಲ. ಊರು ಹೋಗಿತ್ತು, ಹೊಲಮನೆ ಹೋಗಿತ್ತು. ಉಳಿದದ್ದು ಒಬ್ಬರನ್ನೊಬ್ಬರು ಬಲ್ಲ ಜನ ಮಾತ್ರ. ಅದನ್ನೂ ಕಳೆದುಕೊಳ್ಳಲು ಅವರು ಸಿದ್ಧರಿರಲಿಲ್ಲ.

1949ರಲ್ಲಿ ರಾಜೇಂದ್ರ ಪ್ರಸಾದರ ಅಧ್ಯಕ್ಷತೆಯಲ್ಲಿ ಫರೀದಾಬಾದ್ ಅಭಿವೃದ್ಧಿ ಮಂಡಳಿ ರಚನೆಯಾಯಿತು. ಮನೆಗಳನ್ನು ಗುತ್ತಿಗೆದಾರರಿಂದ ಕಟ್ಟಿಸಿ ಕೊಡುವ ಬದಲು ನಿರಾಶ್ರಿತರೇ ಕಾರ್ಮಿಕ ಸಹಕಾರ ಸಂಘಗಳಾಗಿ ಕಟ್ಟಿಕೊಳ್ಳಲೆಂದು ತೀರ್ಮಾನವಾಯಿತು. ಅವರಲ್ಲಿ ಬಹುಮಂದಿ ಅಂಗಡಿಕಾರರು, ಕರಣೆ ಹಿಡಿದವರಲ್ಲ. ಕೂಲಿ ಮಾಡುವುದೆಂಬ ಸಂಕೋಚವೂ ಅವರು ದಾಟಬೇಕಾದ ಗಡಿಯೇ ಆಗಿತ್ತು. ಆದರೂ ಇಟ್ಟಿಗೆ ಹೊತ್ತರು, ಗಾರೆ ಕಲಸಿದರು, ಗೋಡೆ ಎಬ್ಬಿಸಿದರು. ಆ ಸಹಕಾರ ಸಂಘಗಳು ಬಹುಕಾಲ ಬಾಳಲಿಲ್ಲ; ಕಡತಗಳ ಪದ್ಧತಿ ಅವುಗಳಿಗೆ ಒಗ್ಗಲಿಲ್ಲ. ಸರ್ಕಾರಿ ನೌಕರರಾದ ನಮಗೆ ಈ ಮಾತು ಹಿತವಲ್ಲದಿದ್ದರೂ ಹೇಳಲೇಬೇಕಾದದ್ದು. ಊರು ಮಾತ್ರ ಉಳಿಯಿತು.

ಆ ಕಾಲದ ಮತ್ತೊಂದು ಸಂಗತಿ ನಮ್ಮ ಮನಸ್ಸನ್ನು ಹಿಡಿಯುತ್ತದೆ. ಹಿಂದಿಯಲ್ಲಿ ಅವರನ್ನು ‘ಶರಣಾರ್ಥಿ’ಗಳೆಂದು ಕರೆಯಲಾಗುತ್ತಿತ್ತು. ಅನೇಕರು ಆ ಹೆಸರನ್ನು ನಿರಾಕರಿಸಿ ತಮ್ಮನ್ನು ‘ಪುರುಷಾರ್ಥಿ’ಗಳೆಂದು ಕರೆದುಕೊಂಡರು, ಶರಣು ಬೇಡಿ ಬಂದವರಲ್ಲ, ದುಡಿದು ಬದುಕುವವರು ಎಂದು ಅದರ ಭಾವ. ಕನ್ನಡದ ‘ಪರದೇಶಿ’ಗೆ ಎದುರಾಗಿ ಇಡಬಹುದಾದ ಶಬ್ದವಿದು. ಭಯ ಹೋದ ಮೇಲೆ ಅವರು ಈ ಹೆಸರನ್ನು ಇಟ್ಟುಕೊಂಡರೆಂದು ನಾವು ಭಾವಿಸಬೇಕಾಗಿಲ್ಲ. ಮೊದಲು ಹೆಸರು ಮತ್ತು ಕೆಲಸ ಬಂದಿರಬೇಕು. ಭಯ ನಿಧಾನವಾಗಿ ಹಿಂದೆ ಸರಿದಿರಬೇಕು.

ನಮ್ಮ ಬಡಾವಣೆ ತರಬೇತಿ ಕೇಂದ್ರಗಳ ಬಡಾವಣೆ. ಪರೀಕ್ಷೆ ಬರೆದು ಕೆನಡಾ, ಜರ್ಮನಿಗಳಿಗೆ ಹೊರಡಬೇಕೆಂದಿರುವ ತರುಣರ ಅಂಜಿಕೆಯ ಮಾತುಗಳನ್ನು ನಾವು ಇಲ್ಲಿ ಕೇಳುತ್ತಲೇ ಇರುತ್ತೇವೆ. ಬನ್ನೂವಿನವರ ಕಷ್ಟದ ಮುಂದೆ ಇವರದು ಹಗುರವೆಂದು ಹೇಳಿದರೆ ಅದು ಸಾಂತ್ವನವಾಗದು. ಹಿಂತಿರುಗಲು ಊರಿದ್ದವನ ಭಯವೂ ಭಯವೇ. ಆದರೆ ಫರೀದಾಬಾದು ಕಲಿಸುವ ಎರಡು ಪಾಠಗಳು ಅವರಿಗೂ ಸಲ್ಲುತ್ತವೆ: ಬಲ್ಲವರ ಬಳಗವನ್ನು ಬಿಡದಿರುವುದು ಅಥವಾ ಹೊಸದಾಗಿ ಕಟ್ಟಿಕೊಳ್ಳುವುದು, ಸಿಕ್ಕ ಕೆಲಸಕ್ಕೆ ನಾಚದೆ ಕೈಹಾಕುವುದು. ಲೋಧಿ ಎಸ್ಟೇಟಿನ ಕನ್ನಡ ಶಾಲೆಯನ್ನೂ ರಾಮಕೃಷ್ಣಪುರದ ಕರ್ನಾಟಕ ಸಂಘವನ್ನೂ ಕಟ್ಟಿದ ದೆಹಲಿ ಕನ್ನಡಿಗರು ಮಾಡಿದ್ದೂ ಇದನ್ನೇ. ವರ್ಗಾವಣೆಯ ಆದೇಶ ಹಿಡಿದು ಈ ಊರಿಗೆ ಬಂದ ನಮ್ಮಂಥವರಿಗೆ ಆ ಬಾಗಿಲುಗಳು ತೆರೆದಿದ್ದವು. ಹೊಸಬರಿಗೆ ಅಂಥ ಬಾಗಿಲನ್ನು ತೆರೆದಿಡುವ ಹೊಣೆ ಈಗ ನಮ್ಮದು.